ಕಾಫಿ ಲೋಟದ ಪಕ್ಕದ ಜಾಗ

ಸಿಗರೇಟು ಬಿಡುವುದಕ್ಕೆ ಕೊಡಗಿನಷ್ಟು ಕಷ್ಟದ ಊರು ಇನ್ನೊಂದಿಲ್ಲ ಎಂದು ಹದಿನೆಂಟು ವರ್ಷ ವಾದ ಮಾಡಿದವನು ನಾನು. ಜೂನಿನಲ್ಲಿ ಹಿಡಿದ ಮಳೆ ಸೆಪ್ಟೆಂಬರಾದರೂ ಬಿಡುವುದಿಲ್ಲ, ಮೈ ಬೆಚ್ಚಗಾಗಬೇಡವೇ? ತೋಟಕ್ಕಿಳಿದರೆ ಕಾಲಿಗೆ ಜಿಗಣೆ. ಸಿಗರೇಟಿನ ಕೆಂಡ ತಾಗಿಸಿದರೆ ತಾನಾಗಿ ಕಳಚಿ ಬೀಳುತ್ತದೆ. ಎಲ್ಲಕ್ಕಿಂತ ಹೆಚ್ಚಾಗಿ ಕಾಫಿ. ಲೋಟ ಎಡಗೈಗೆ ಬಂತೆಂದರೆ ಬಲಗೈ ಜೇಬಿಗೆ ಹೋಗಲೇಬೇಕು. ಇಷ್ಟೊಂದು ನೆಪ ಒಂದೇ ಜಿಲ್ಲೆಯಲ್ಲಿ ಸಿಕ್ಕುವಾಗ ಬಿಡುವ ಕರ್ಮ ಯಾರಿಗೆ ಬೇಕು?

ಬಿಟ್ಟ ಮೇಲೆ ಇದು ನಾಲ್ಕನೇ ಮಳೆಗಾಲ. ಹಿಂದೆ ಶಪಥ ಮಾಡಿದ್ದು ಐದು ಸಲ. ಒಮ್ಮೆಯಂತೂ ತುಲಾ ಸಂಕ್ರಮಣಕ್ಕೆ ತಲಕಾವೇರಿಯಲ್ಲಿ ಮಿಂದು, ಒದ್ದೆ ಬಟ್ಟೆಯಲ್ಲೇ ಕೈಮುಗಿದು ಬಿಟ್ಟೆನೆಂದೆ. ಅಲ್ಲಿಂದ ಭಾಗಮಂಡಲಕ್ಕೆ 8 ಕಿಲೋಮೀಟರ್ ಇಳಿಜಾರು. ಬಟ್ಟೆ ಒಣಗುವ ಮೊದಲೇ ಗೂಡಂಗಡಿಯ ಮುಂದೆ ನಿಂತಿದ್ದೆ. ಆರನೇ ಸಲ ಶಪಥದ ಗೊಡವೆಗೆ ಹೋಗದೆ ನನ್ನ ನೆಪಗಳನ್ನೇ ಒಂದೊಂದಾಗಿ ಬಿಚ್ಚಿ ನೋಡಿದೆ.

ಚಳಿಯ ನೆಪ ಮೊದಲು ಬಿತ್ತು. ನಿಕೋಟಿನ್ ಚರ್ಮದ ಸಣ್ಣ ರಕ್ತನಾಳಗಳನ್ನು ಕುಗ್ಗಿಸುತ್ತದೆ. ಬೆರಳ ತುದಿಗೆ ರಕ್ತ ಕಡಿಮೆಯಾಗಿ ಕೈ ಇನ್ನಷ್ಟು ತಣ್ಣಗಾಗುತ್ತದೆ. ಬೆಚ್ಚಗಾಗುವುದು ಕಡ್ಡಿ ಗೀರಿ ಅಂಗೈ ಮರೆ ಹಿಡಿದ ಆ ಎರಡು ಕ್ಷಣ ಅಷ್ಟೆ.

ಕಾಫಿಯ ಗಂಟು ಅಷ್ಟು ಸುಲಭವಾಗಿ ಬಿಚ್ಚಿಕೊಳ್ಳಲಿಲ್ಲ. ಹಿಂದೆ ಕೆಲವು ಸಲ ಬಿಟ್ಟ ನಾಲ್ಕನೇ ದಿನಕ್ಕೆ ಎದೆ ಡವಡವ, ರಾತ್ರಿ ನಿದ್ದೆಯಿಲ್ಲ, ಮನೆಯವರ ಮೇಲೆ ಸಿಡಿಮಿಡಿ. ಸಿಗರೇಟಿಲ್ಲದೆ ಈ ಮೈ ನಡೆಯದು ಎಂದು ತೀರ್ಮಾನಿಸಿ ಮತ್ತೆ ಹಚ್ಚುತ್ತಿದ್ದೆ. ಅಸಲು ಸಂಗತಿ ತಿಳಿದದ್ದು ಬಹಳ ತಡವಾಗಿ. ಹೊಗೆಯಲ್ಲಿರುವ ಕೆಲವು ವಸ್ತುಗಳಿಂದಾಗಿ ಸೇದುವವರ ಯಕೃತ್ತು ಕೆಫೀನನ್ನು ಬೇಗಬೇಗ ಕರಗಿಸಿ ಹೊರಹಾಕುತ್ತಿರುತ್ತದೆ. ಹೊಗೆ ನಿಂತ ಕೆಲವೇ ದಿನಗಳಲ್ಲಿ ಆ ಅವಸರವೂ ನಿಲ್ಲುತ್ತದೆ. ಆಗ ಅದೇ ಕಾಫಿಯ ಕೆಫೀನು ರಕ್ತದಲ್ಲಿ ಹೆಚ್ಚುಕಡಿಮೆ ಎರಡರಷ್ಟಾಗಿ ಉಳಿಯಬಹುದು. ಅಂದರೆ ನನ್ನ ಆರು ಲೋಟ ಹನ್ನೆರಡು ಲೋಟದ ಆಟ ಆಡುತ್ತಿತ್ತು, ಬೈಸಿಕೊಂಡದ್ದು ಮಾತ್ರ ಸಿಗರೇಟಿನ ಅಗಲಿಕೆ. ಈ ಸಲ ಆರನ್ನು ಮೂರಕ್ಕಿಳಿಸಿದೆ. ಕಾಫಿ ಬೆಳೆಗಾರನೊಬ್ಬ ಕಾಫಿ ಕಮ್ಮಿ ಮಾಡಿ ಎಂದು ಬರೆದದ್ದು ನಮ್ಮ ಸಂಘದವರ ಕಣ್ಣಿಗೆ ಬೀಳದಿರಲಿ.

ಕುಡಿಯುವ ಜಾಗವನ್ನೂ ಬದಲಿಸಿದೆ. ಜಗಲಿಯ ಕುರ್ಚಿಯಲ್ಲಿ ಕೂತರೆ ಕೈ ತಾನಾಗಿ ಜೇಬು ತಡಕುತ್ತದೆ. ಅಡುಗೆಮನೆಯಲ್ಲಿ ಅಮ್ಮನ ಎದುರು ಒಲೆಯ ಪಕ್ಕ ನಿಂತು ಕುಡಿದರೆ ಕೈಗೆ ಆ ಧೈರ್ಯ ಬರುವುದಿಲ್ಲ. ಬೆರಳುಗಳಿಗೆ ಕೆಲಸ ಬೇಕಲ್ಲ, ಒಂದು ಏಲಕ್ಕಿ ಕಾಯಿ ಸುಲಿಯುತ್ತಿದ್ದೆ. ನಿಕೋಟಿನ್ ಚೂಯಿಂಗ್ ಗಮ್ ಬಳಸುವವರಿಗೂ ಕಾಫಿಯದೇ ಎಚ್ಚರಿಕೆ: ಕಾಫಿಯ ಹುಳಿಯಿಂದ ಬಾಯಿಯ ಒಳಚರ್ಮ ನಿಕೋಟಿನನ್ನು ಸರಿಯಾಗಿ ಹೀರಿಕೊಳ್ಳದು. ಕುಡಿದ ಮೇಲೆ ಕಾಲು ಗಂಟೆಯಾದರೂ ಬಿಟ್ಟು ಅಗಿಯಬೇಕು. ಅದನ್ನೂ ಬಬಲ್ ಗಮ್ಮಿನಂತೆ ಒಂದೇ ಸಮನೆ ಅಗಿಯುವುದಲ್ಲ. ನಾಲ್ಕು ಸಲ ಅಗಿದು, ಚುರುಗುಟ್ಟಿದಾಗ ಕೆನ್ನೆಯ ಸಂದಿಯಲ್ಲಿ ಇಟ್ಟುಕೊಳ್ಳುವುದು.

ಸೇದಬೇಕೆನಿಸುವ ಚಡಪಡಿಕೆ ಒಂದೊಂದು ಸಲಕ್ಕೆ ಐದು ನಿಮಿಷ ಇದ್ದರೆ ಹೆಚ್ಚು. ಅದನ್ನು ನಾನು ಆಟಿ ತಿಂಗಳ ಜಡಿಮಳೆ ಎಂದುಕೊಂಡಿದ್ದೆ, ಅದು ಏಪ್ರಿಲ್ಲಿನ ಮಳೆ. ಮಾಡಿನ ಕೆಳಗೆ ಸುಮ್ಮನೆ ನಿಂತರೆ ದಾಟಿ ಹೋಗುತ್ತದೆ.

ಮೊದಲ ಮೂರು ದಿನ ದೇಹಕ್ಕೆ ಕಷ್ಟ, ನಿಜ. ಆದರೆ ಆಗ ಹುಮ್ಮಸ್ಸಿರುತ್ತದೆ, ಮನೆಮಂದಿಯೆಲ್ಲ ಬೆನ್ನು ತಟ್ಟುತ್ತಾರೆ. ಆ ದಿನಗಳನ್ನು ದಾಟಿದ ಸಲಗಳಲ್ಲಿ ನನ್ನನ್ನು ಕೆಡವಿದ್ದು ಮೂರನೇ ವಾರ. ಮೈ ಒಂದು ಹದಕ್ಕೆ ಬಂದಿರುತ್ತದೆ, ನಾನು ಬಿಟ್ಟಿದ್ದೇನೆಂಬುದನ್ನು ಅಷ್ಟರಲ್ಲಿ ಎಲ್ಲರೂ ಮರೆತಿರುತ್ತಾರೆ. ಯಾರೂ ಕೇಳದ ಸಾಧನೆಯನ್ನು ಒಬ್ಬನೇ ಎಷ್ಟು ದಿನ ಹೊತ್ತುಕೊಂಡಿರುವುದು? ಕೇಳುವವರು ಬೇಕೆಂದೇ ತಂಬಾಕು ಬಿಡಲು ನೆರವಾಗುವ ಸಹಾಯವಾಣಿ 1800-11-2356ಕ್ಕೆ ಫೋನ್ ಮಾಡಿದೆ. ದುಡ್ಡಿಲ್ಲ, ಬೆಂಗಳೂರಿನ ನಿಮ್ಹಾನ್ಸ್‌ನಿಂದ ಕನ್ನಡದಲ್ಲೇ ಮಾತಾಡುತ್ತಾರೆ. 2018ರಿಂದ ಈ ನಂಬರು ಪ್ಯಾಕಿನ ಮೇಲೆಯೇ ಇದೆ. ಪ್ಯಾಕಿನ ಶೇ 85 ಭಾಗ ಎಚ್ಚರಿಕೆಯ ಚಿತ್ರ ಮತ್ತು ಬರಹಕ್ಕೇ ಮೀಸಲು. ಗೂಡಂಗಡಿಯಲ್ಲಿ "ಒಂದು ಕೊಡಿ ಅಣ್ಣ" ಎಂದು ಬಿಡಿಬಿಡಿಯಾಗಿ ಕೊಂಡ ನನಗೆ ಚಿತ್ರವೂ ಕಾಣಲಿಲ್ಲ, ನಂಬರೂ ಕಾಣಲಿಲ್ಲ.

ಸಹಾಯವಾಣಿಯವರು ಇಂಥ ದಿನ ಮತ್ತೆ ಫೋನ್ ಮಾಡುತ್ತೇವೆ ಎಂದರು, ಮಾಡಿದರು. ನಮ್ಮ ಮನೆಯಲ್ಲಿ ನೆಟ್‌ವರ್ಕ್ ಇಲ್ಲ, ಹಿಂದಿನ ದಿಬ್ಬ ಹತ್ತಬೇಕು. ಮೊದಲ ಸಲ ಹತ್ತಿ ನಿಂತಾಗ ಹಲೋ ಎನ್ನಲು ಉಸಿರಿರಲಿಲ್ಲ; ಆ ಕಡೆಯ ಹುಡುಗಿ, "ಸರ್, ನಿಧಾನ, ಕೂತ್ಕೊಂಡು ಮಾತಾಡಿ" ಎಂದಳು. ಎರಡು ತಿಂಗಳ ಮೇಲೆ ಅದೇ ದಿಬ್ಬ ಹತ್ತುತ್ತಲೇ ಮಾತಾಡುತ್ತಿದ್ದೆ. ಕ್ಯಾನ್ಸರಿನ ಭಯ, ಹೃದಯದ ಲೆಕ್ಕ ಎಲ್ಲ ನನಗೆ ಗೊತ್ತಿತ್ತು. ಬೆಳಗಿನ ಆರು ಗಂಟೆಗೆ ಹಲಸಿನ ಮರದಡಿ ಸೇದಬೇಕೆನಿಸಿದಾಗ ಅವು ಯಾವುವೂ ನೆನಪಿಗೆ ಬರುತ್ತಿರಲಿಲ್ಲ, ಆ ದಿಬ್ಬ ಮಾತ್ರ ಬರುತ್ತಿತ್ತು.

ಜಾರಲಿಲ್ಲವೇ? ಜಾರಿದೆ. ಸುಗ್ಗಿ ಹಬ್ಬ ಪುತ್ತರಿಯ ರಾತ್ರಿ, ಕದಿರು ತಂದು ಊಟ ಮುಗಿದ ಮೇಲೆ, ನೆಂಟನೊಬ್ಬ ನೀಡಿದ, ಒಂದು ಸೇದಿಯೇಬಿಟ್ಟೆ. ಮೊದಲಾಗಿದ್ದರೆ "ಹೋಯ್ತಲ್ಲ, ಇನ್ನೇನು" ಎಂದು ಮರುದಿನವೇ ಅಂಗಡಿಗೆ ಹೋಗುತ್ತಿದ್ದೆ. ಆದರೆ ತೋಟದಲ್ಲಿ ಹಾಗೆ ಮಾಡುತ್ತೇವೆಯೇ? ಕಾಂಡಕೊರಕ ಹೊಕ್ಕ ಅರೇಬಿಕಾ ಗಿಡವನ್ನು ಕಿತ್ತು ಸುಡುತ್ತೇವೆ, ಉಳಿದವಕ್ಕೆ ಗೊಬ್ಬರ ಹಾಕುತ್ತೇವೆ. ಮರುದಿನ ಬೆಳಿಗ್ಗೆ ಒಲೆಯ ಪಕ್ಕ ನಿಂತು ಎಂದಿನಂತೆ ಏಲಕ್ಕಿ ಸುಲಿದೆ. ಆ ನೆಂಟನ ಪಕ್ಕ ಕೂರುವುದನ್ನು ಮಾತ್ರ ಒಂದು ವರ್ಷ ತಪ್ಪಿಸಿಕೊಂಡೆ. ಅವನಿಗೆ ಬೇಜಾರಾಗಿದೆ, ಇರಲಿ.

ಮೊನ್ನೆ ತೋಟದಲ್ಲಿ ಮೀನಖಂಡಕ್ಕೆ ಜಿಗಣೆ ಹತ್ತಿತ್ತು. ಜೊತೆಗಿದ್ದ ಗೆಳೆಯ ತನ್ನ ಬೀಡಿ ಮುಂದೆ ಚಾಚಿ, "ಇದಕ್ಕಾದರೂ ಒಂದು ಜೇಬಲ್ಲಿಟ್ಟುಕೋ ಮಾರಾಯ" ಎಂದ. ಸೊಂಟದ ಪಂಚೆಯಂಚಿಗೆ ಕಟ್ಟಿಕೊಂಡಿದ್ದ ಗಂಟು ಬಿಚ್ಚಿ ಚಿಟಿಕೆ ಉಪ್ಪು ಹಾಕಿದೆ. ಜಿಗಣೆ ಮುದುಡಿ ಬಿತ್ತು. ಅವನು ಬೀಡಿಯನ್ನು ಒಮ್ಮೆ ನೋಡಿ, ತನ್ನ ಕಾಲಿಗೂ ಒಂದಿಷ್ಟು ಉಪ್ಪು ಕೇಳಿದ.