ಹತ್ತು ವರ್ಷ ನಡೆದ ನೀರು

ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಕಡಲಂಚಿಗೆ ಕೇಪ್ ಕಾಡ್ ಎಂಬ ಮರಳುನಾಡಿದೆ. ಅಲ್ಲಿನ ಫಾಲ್ಮತ್, ಸುಮಾರು 30 ಸಾವಿರ ಜನರ ಊರು. ಕಡಲಜೀವಿಗಳನ್ನು ಅರಿಯಲೆಂದೇ 1888ರಲ್ಲಿ ಹುಟ್ಟಿದ ಪ್ರಯೋಗಾಲಯವೊಂದು ಈ ಊರಿಗೆ ಸೇರಿದ ವುಡ್ಸ್ ಹೋಲ್‌ನಲ್ಲಿದೆ. ಹಾಗಾಗಿ ಇಲ್ಲಿನವರಿಗೆ ಕಡಲಿನ ಮರ್ಮ ತಿಳಿಯದೆಂದು ಯಾರೂ ಹೇಳಲಾರರು. ಇಂಥ ಊರಿನ ಕೊಳಚೆನೀರು ಶುದ್ಧೀಕರಣ ಘಟಕದ ಕಥೆ ನನ್ನನ್ನು ಕಾಡುವುದಕ್ಕೆ ಕಾರಣ, ಅದರಲ್ಲಿ ಕೆಟ್ಟವರು ಯಾರೂ ಇಲ್ಲ ಎಂಬುದೇ.

1980ರ ದಶಕದಲ್ಲಿ ಘಟಕ ಕೆಲಸ ಆರಂಭಿಸಿತು. ಹೊಲಸನ್ನು ತೆಗೆದು ತಿಳಿಗೊಳಿಸಿದ ನೀರನ್ನು ಮರಳಿನ ಹಾಸಿನಲ್ಲಿ ಇಂಗಿಸುತ್ತಿದ್ದರು. ಮರಳು ಸೋಸುವುದನ್ನು ಸೋಸಿತು. ನೀರಿನಲ್ಲಿ ಕರಗಿಹೋದ ಸಾರಜನಕವನ್ನು ಮಾತ್ರ ತಡೆಯಲಿಲ್ಲ. ಅಲ್ಲಿಯ ಅಂತರ್ಜಲ ದಿನಕ್ಕೆ ಒಂದೆರಡು ಅಡಿಯಷ್ಟೇ ಸರಿಯುತ್ತದೆ. ಹೀಗೆ ಯಾರ ಕಣ್ಣಿಗೂ ಬೀಳದೆ ಸುಮಾರು ಹತ್ತು ವರ್ಷ ನಡೆದು ಆ ನೀರು ವೆಸ್ಟ್ ಫಾಲ್ಮತ್ ಹಾರ್ಬರ್ ಎಂಬ ಪುಟ್ಟ ಕೊಲ್ಲಿಯನ್ನು ಮುಟ್ಟಿತು.

ಸಾರಜನಕ ವಿಷವಲ್ಲ. ನಾವು ಉಂಡ ಬೇಳೆಯಿಂದ, ಮೀನಿನಿಂದ ನಮ್ಮ ಮೈಗೆ ಬಂದು, ಮೂತ್ರದ ಮೂಲಕ ಹೊರಗೆ ಹೋಗುವ ವಸ್ತು ಅದು. ರೈತ ಗದ್ದೆಗೆ ಎರಚುವ ಯೂರಿಯಾದ ಸತ್ವವೂ ಅದೇ. ಕೊಲ್ಲಿಗೆ ಅದು ಬೇಕಾದದ್ದಕ್ಕಿಂತ ಹೆಚ್ಚು ಬಂದಾಗ ಪಾಚಿ ಕೊಬ್ಬುತ್ತದೆ, ನೀರು ಮಬ್ಬಾಗುತ್ತದೆ, ತಳದಲ್ಲಿ ಬೇರುಬಿಟ್ಟ ಕಡಲಹುಲ್ಲಿಗೆ ಬಿಸಿಲು ತಲುಪುವುದಿಲ್ಲ. ಸ್ಕ್ಯಾಲಪ್ ಎಂಬ ಚಿಪ್ಪುಜೀವಿಯ ಮರಿಗಳು ಹೆಚ್ಚಾಗಿ ಆ ಹುಲ್ಲಿನ ಎಸಳಿಗೆ ಅಂಟಿಕೊಂಡು ಬೆಳೆಯುವುದು. ಉಣಿಸಿದ್ದೇ ಹೆಚ್ಚಾಗಿ ಒಂದು ಬದುಕು ಬೆಳಕಿಲ್ಲದೆ ಸೊರಗುವುದನ್ನು ನಾವು ಯಾವ ಬಗೆಯ ಹಿಂಸೆಯೆಂದು ಕರೆಯಬೇಕು? ಕೊಲ್ಲುವ ಮನಸ್ಸು ಎಲ್ಲೂ ಇರಲಿಲ್ಲ. ಊಟ ಮಾಡಿದವರಿದ್ದರು, ಊರನ್ನು ಚೊಕ್ಕಟವಾಗಿಡಲು ದುಡಿದವರಿದ್ದರು, ಅಷ್ಟೆ.

2005ರಲ್ಲಿ ಸಾರಜನಕವನ್ನೂ ತೆಗೆಯುವಂತೆ ಘಟಕವನ್ನು ಸುಧಾರಿಸಿದರು. ಆದರೆ ಮೊದಲೇ ಹೊರಟ ನೀರು ನೆಲದಡಿ ಇನ್ನೂ ದಾರಿಯಲ್ಲಿತ್ತು. ತಿದ್ದಿಕೊಂಡ ಮೇಲೂ ಅದು ಬರುತ್ತಲೇ ಇತ್ತು. 2010ರ ಹೊತ್ತಿಗೆ ಕೊಲ್ಲಿಯ ಒಳಭಾಗದಲ್ಲಿ ಹುಲ್ಲು ಸತ್ತುಹೋಗಿತ್ತು. ಒಳ್ಳೆಯದಕ್ಕೆ ತಿರುಗಿಕೊಂಡ ಮನುಷ್ಯ ಐದು ವರ್ಷದ ಬಳಿಕವೂ ಕೆಡುಕನ್ನೇ ಕಂಡರೆ ಅವನ ಮನಸ್ಸು ಏನನ್ನು ನೆಚ್ಚಿ ನಿಲ್ಲಬೇಕು? 'ಮಾಡಿದ್ದುಣ್ಣೋ ಮಹಾರಾಯ' ಎಂದು ನಾವು ಹೇಳುವಾಗ, ಮಾಡಿದವನೇ ಉಣ್ಣುತ್ತಾನೆಂಬ ಸಮಾಧಾನವೊಂದು ಆ ಮಾತಿನಲ್ಲಿ ಅಡಗಿರುತ್ತದೆ. ಇಲ್ಲಿ ಮಾಡಿದವರು ಬೇರೆ, ಉಂಡವರು ಬೇರೆ. ನಡುವೆ ಹತ್ತು ವರ್ಷದ ಮರಳು. ಉಂಡದ್ದಂತೂ ದೂರು ಹೇಳಲು ಬಾಯಿಯೇ ಇಲ್ಲದ ಹುಲ್ಲು.

ಇನ್ನೊಂದು ಮಾತನ್ನೂ ನೆನೆಯಬೇಕು. ಈ ಪುಟ್ಟ ಕೊಲ್ಲಿಯ ಮಟ್ಟಿಗೆ ಹೊರೆ ಘಟಕದ್ದಾದರೂ, ಕೇಪ್ ಕಾಡ್‌ನ ಉಳಿದ ಅನೇಕ ಕೊಲ್ಲಿಗಳಿಗೆ ಸಾರಜನಕ ಬರುವುದು ಹೆಚ್ಚಾಗಿ ಮನೆಮನೆಯ ಸೆಪ್ಟಿಕ್ ಗುಂಡಿಗಳಿಂದ. ಘಟಕಕ್ಕೆ ಬೇಲಿಯಿದೆ, ಫಲಕವಿದೆ, ಬೆರಳು ತೋರಿಸುವುದು ಸುಲಭ. ಹಿತ್ತಿಲಿನ ಹಸಿರು ಹುಲ್ಲುಹಾಸಿನ ಕೆಳಗೆ ಮುಚ್ಚಿಟ್ಟದ್ದರ ಕಡೆಗೆ ಬೆರಳು ತಿರುಗುವುದು ಕಷ್ಟ. ಎಲ್ಲರೂ ಸ್ವಲ್ಪ ಸ್ವಲ್ಪ ಮಾಡಿದ್ದನ್ನು ಯಾರೂ ಮಾಡಿಲ್ಲವೆಂದೇ ಎಣಿಸುವುದು ಆ ಊರಿನವರದು ಮಾತ್ರವೇ ಆದ ಸ್ವಭಾವವಲ್ಲವಷ್ಟೆ?

ಆದರೂ ಫಾಲ್ಮತ್‌ನ ಜನ 2014ರಲ್ಲಿ, ಲಿಟಲ್ ಪಾಂಡ್ ಎಂಬ ಇನ್ನೊಂದು ಹಿನ್ನೀರಿನ ಸುತ್ತಲಿನ ಸಾವಿರಕ್ಕೂ ಹೆಚ್ಚು ಮನೆಗಳನ್ನು ಗುಂಡಿಯಿಂದ ಬಿಡಿಸಿ ಒಳಚರಂಡಿಗೆ ಜೋಡಿಸಲು ಮತ ಹಾಕಿದರು. ಕೋಟಿಗಟ್ಟಲೆ ಡಾಲರಿನ ಆ ಖರ್ಚನ್ನು ಹೊರಲು ಒಪ್ಪಿದರು. ಈ ಒಪ್ಪಿಗೆಯನ್ನು ನಾನು ದೊಡ್ಡದೆಂದೇ ಎಣಿಸುತ್ತೇನೆ, ಏಕೆಂದರೆ ಅಂತರ್ಜಲದ ಕಾಲಗತಿಯನ್ನು ಬಲ್ಲ ಊರದು: ಮತ ಹಾಕಿದ ಹಿರಿಯರಲ್ಲಿ ಎಷ್ಟೋ ಮಂದಿಗೆ ಹುಲ್ಲು ಮರಳುವುದನ್ನು ಕಾಣುವ ಭರವಸೆ ಇರಲಾರದು. ಆ ಮನೆಗಳ ನೀರು ಕೊಳವೆಯಲ್ಲಿ ಹರಿದುಹೋಗುವುದು ಮತ್ತೆ ಅದೇ ಘಟಕಕ್ಕೆ. ಶುದ್ಧಿಯಾದ ಮೇಲೆ ಅದನ್ನು ಎಲ್ಲಿ ಬಿಡಬೇಕು, ಯಾವ ನೆಲಕ್ಕೆ, ಯಾವ ಕೊಲ್ಲಿಗೆ ಎಂಬುದನ್ನು ಊರು ಕೂತು ಮತ್ತೆ ಯೋಚಿಸಬೇಕಾಗಿ ಬಂತು.