ಪಂಕ್ತಿಭೇದ ಯಾವುದು?

ಊಟದ ಮನೆಯಲ್ಲಿ ಬಲು ಕೆಟ್ಟ ಹೆಸರು ಪಡೆದ ಮಾತು ಪಂಕ್ತಿಭೇದ. ಒಂದೇ ಸಾಲಿನಲ್ಲಿ ಕೂತ ಒಬ್ಬರ ಎಲೆಗೆ ಹೋಳಿಗೆ, ಪಕ್ಕದವರ ಎಲೆಗೆ ಬರೀ ಅನ್ನ ಬಡಿಸಿದರೆ ಅದಕ್ಕಿಂತ ಅವಮಾನವಿಲ್ಲ. ಆದರೆ ಅದೇ ಮನೆಯಲ್ಲಿ ಜ್ವರ ಬಂದ ಮಗುವಿಗೆ ಗಂಜಿ, ಹಲ್ಲಿಲ್ಲದ ತಾತನಿಗೆ ಕಿವುಚಿದ ಅನ್ನ, ಬಾಣಂತಿಗೆ ಮೆಣಸಿನ ಸಾರು ಎಂದು ಬೇರೆ ಬೇರೆಯೇ ಆಗುತ್ತದೆ. ಅದನ್ನು ಯಾರೂ ಪಂಕ್ತಿಭೇದ ಅನ್ನುವುದಿಲ್ಲ. ಬಡಿಸುವ ಹೆಂಗಸಿಗೆ ಇವೆರಡರ ವ್ಯತ್ಯಾಸವನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಶಾಲೆಯ ಮೆಟ್ಟಿಲು ಹತ್ತಿದ ಕೂಡಲೇ ಅದು ನಮಗೆ ಮರೆತುಹೋಗುವುದೇಕೆ?

"ಎಲ್ಲ ಮಕ್ಕಳೂ ನಮಗೆ ಒಂದೇ" ಎಂಬುದು ಸ್ಟಾಫ್ ರೂಮಿನಲ್ಲಿ ದಿನಕ್ಕೊಮ್ಮೆಯಾದರೂ ಕೇಳಿಬರುವ ಮಾತು. ಒಳ್ಳೆಯ ಮಾತೇ. ಆದರೆ ಒಂದೇ ಎಂದರೆ ಒಂದೇ ಅಳತೆ ಎಂದೇ? ನಾನು ಪಾಠ ಹೇಳುವುದು ಹಲಸೂರಿನ ಕಡೆಯ ಒಂದು ಹೈಸ್ಕೂಲಿನಲ್ಲಿ. ದಂಡಿನ ಈ ಭಾಗದಲ್ಲಿ ಒಂದೇ ಬೆಂಚಿನ ಮೇಲೆ ಮನೆಯಲ್ಲಿ ತಮಿಳು, ಉರ್ದು, ತೆಲುಗು, ಕನ್ನಡ ಆಡುವ ನಾಲ್ಕು ಮಕ್ಕಳು ಕೂತಿರುತ್ತಾರೆ. ಒಂದು ಪದ್ಯವನ್ನು ನಾಲ್ಕು ರೀತಿ ಬಿಡಿಸಿ ಹೇಳುವುದು ನಮಗೆ ಅಭ್ಯಾಸವಾಗಿಹೋಗಿದೆ. ಅದನ್ನು ಪಕ್ಷಪಾತ ಎಂದು ಯಾವ ಪೋಷಕರೂ ದೂರಿಲ್ಲ. ಆದರೂ ಕಳೆದ ವರ್ಷ ಒಬ್ಬ ಹುಡುಗನ ವಿಷಯದಲ್ಲಿ ಈ ಪ್ರಶ್ನೆ ನಮ್ಮೆದುರು ನಿಂತಿತು.

ಒಂಬತ್ತನೇ ತರಗತಿಯ ಹುಡುಗ. ಕೆ.ಆರ್. ಪುರದಿಂದ ಮೆಟ್ರೋದಲ್ಲಿ ಬರುತ್ತಾನೆ. ಅವನಿಗೆ ಆಟಿಸಂ ಇದೆ, ಕನ್ನಡದಲ್ಲಿ ಸ್ವಲೀನತೆ ಎನ್ನುತ್ತಾರೆ. ಇದು ರೋಗವಲ್ಲ, ಮಿದುಳು ಬೆಳೆಯುವ ರೀತಿಯೇ ಬೇರೆ. ಅಮೆರಿಕದ ವೈದ್ಯ ಲಿಯೋ ಕ್ಯಾನರ್ 1943ರಲ್ಲಿ ಇದನ್ನು ವಿವರಿಸಿ ಬರೆದ ಮೇಲೆ, ತಾಯಿಗೆ ಮಮತೆ ಕಡಿಮೆಯಾದದ್ದೇ ಇದಕ್ಕೆ ಕಾರಣ ಎಂದು ಎಷ್ಟೋ ವರ್ಷ ಕೆಲವು ಪಂಡಿತರು ವಾದಿಸಿದರು. ಅದು ಶುದ್ಧ ತಪ್ಪೆಂದು ಆಮೇಲೆ ತಿಳಿಯಿತು. ಆದರೂ ಮದುವೆ ಮನೆಗಳಲ್ಲಿ ಅಂಥ ಮಗುವಿನ ತಾಯಿಯನ್ನು "ನೀನು ಸರಿಯಾಗಿ ನೋಡಿಕೊಳ್ಳಲಿಲ್ಲವೇನೋ" ಎಂದು ಕೇಳುವವರು ಈಗಲೂ ಇದ್ದಾರೆ.

ಡ್ರಾಯಿಂಗ್ ಮೇಷ್ಟ್ರು ಇಡೀ ತರಗತಿಗೆ ಒಂದು ಕೆಲಸ ಕೊಟ್ಟಿದ್ದರು. ಕನ್ನಡಿ ನೋಡಿಕೊಂಡು ತಮ್ಮ ಚಿತ್ರ ತಾವೇ ಬರೆಯಬೇಕು, ಪೆನ್ಸಿಲ್ಲಿನಲ್ಲಿ. ಎಲ್ಲವನ್ನೂ ವಾರ್ಷಿಕೋತ್ಸವಕ್ಕೆ ಗೋಡೆಗೆ ಹಾಕುವುದೆಂದು ತೀರ್ಮಾನ. ಈ ಹುಡುಗ ಬರೆದದ್ದನ್ನು ರಬ್ಬರಿನಿಂದ ಉಜ್ಜಿ ಉಜ್ಜಿ ಹಾಳೆ ಹರಿದ. ಅಂಗಿಯ ಕಾಲರು ಕಚ್ಚತೊಡಗಿದ. ಮೂರು ದಿನ ಶಾಲೆಗೇ ಬರಲಿಲ್ಲ. ತಾಯಿ ಬಂದು, "ಮೇಡಂ, ಇದೊಂದು ಚಿತ್ರ ಬಿಟ್ಟುಬಿಡೋಕೆ ಮೇಷ್ಟ್ರಿಗೆ ಹೇಳ್ತೀರಾ? ರಾತ್ರಿಯೆಲ್ಲ ನಿದ್ದೆ ಮಾಡ್ತಿಲ್ಲ" ಎಂದರು. ಮೇಷ್ಟ್ರು, "ಇವನಿಗೊಂದು, ಉಳಿದ ನಲವತ್ತು ಮಕ್ಕಳಿಗೊಂದು ಅಂದರೆ ನಾನು ಅವರಿಗೆ ಏನು ಹೇಳಲಿ?" ಎಂದರು. ಇನ್ನೊಬ್ಬರು 'ತಾರೆ ಜಮೀನ್ ಪರ್' ಚಿತ್ರ ನೆನಪಿಸಿ, ಇಂಥ ಮಕ್ಕಳು ಚಿತ್ರದಲ್ಲಿ ಬಲು ಜಾಣರಿರಬೇಕಲ್ಲ ಎಂದರು. 2007ರ ಆ ಚಿತ್ರದ ಹುಡುಗನಿಗಿದ್ದದ್ದು ಡಿಸ್ಲೆಕ್ಸಿಯಾ, ಓದುಬರಹದ ತೊಡಕು. ಹೆಲಿಕಾಪ್ಟರಿನಿಂದ ಒಮ್ಮೆ ನೋಡಿದ ನಗರವನ್ನು ನೆನಪಿನಿಂದಲೇ ಬರೆಯುವ ಲಂಡನ್ನಿನ ಸ್ಟೀಫನ್ ವಿಲ್ಟ್‌ಶೈರ್‌ಗೆ ಆಟಿಸಂ ಇದೆ, ನಿಜ. ಆದರೆ ಅಂಥವರು ಅಪರೂಪ. ಪ್ರತಿಭೆ ಇದ್ದರೆ ಮಾತ್ರ ಮರುಕ ಎನ್ನುವುದು ಯಾವ ನ್ಯಾಯ?

ತಾಯಿಯ ಮಾತೂ ಮೇಷ್ಟ್ರ ಮಾತೂ ತಳ್ಳಿಹಾಕುವಂಥದ್ದಲ್ಲ. ಆದರೆ ಇಬ್ಬರೂ ಹುಡುಗನನ್ನೇ ಕೇಳಿರಲಿಲ್ಲ. ಎದುರು ಕೂರಿಸಿ ಕೇಳಿದರೆ ಅವನಿಗೆ ಮಾತು ಹೊರಡುವುದಿಲ್ಲ. ಆದ್ದರಿಂದ ಒಂದು ಚೀಟಿ ಕೊಟ್ಟು, ಏನು ಕಷ್ಟವೋ ಬರೆದುಕೊಡು ಎಂದೆ. ಮರುದಿನ ನಾಲ್ಕು ಸಾಲು ಬಂತು. ಯಾವ ದಿನದ ಮುಖ? ಕನ್ನಡಿಯಲ್ಲಿ ಎಡ ಬಲ ಆಗುತ್ತೆ, ಹಾಗೇ ಬರೆದರೆ ತಪ್ಪಲ್ಲವಾ? ಮುಗಿಯಿತು ಅಂತ ಹೇಗೆ ಗೊತ್ತಾಗುತ್ತೆ? ಗೋಡೆಗೆ ಹಾಕಿದರೆ ಎಲ್ಲರೂ ನನ್ನ ಕಣ್ಣು ನೋಡ್ತಾರಾ?

ಮೇಷ್ಟ್ರು ಅದನ್ನು ಎರಡು ಸಲ ಓದಿದರು. ಇವು ಹಠಮಾರಿ ಹುಡುಗನ ನೆಪಗಳೇ, ನೀವೇ ಹೇಳಿ. ಡಚ್ ಕಲಾವಿದ ವ್ಯಾನ್ ಗೋ ಮಾದರಿಗೆ ಕೂರುವವರಿಗೆ ಕೊಡಲು ಹಣವಿಲ್ಲದೆ ತನ್ನ ಮುಖವನ್ನೇ ಬರೆದುಕೊಂಡ. 1886ರಿಂದ 1889ರೊಳಗೆ 35ಕ್ಕೂ ಹೆಚ್ಚು ಚಿತ್ರ. ಒಂದರಂತೆ ಇನ್ನೊಂದಿಲ್ಲ. ಯಾವ ದಿನದ ಮುಖ ಎಂಬ ಪ್ರಶ್ನೆ ಅವನಿಗೂ ಬಗೆಹರಿಯಲಿಲ್ಲವೆಂದು ತೋರುತ್ತದೆ. ಉಳಿದ ನಲವತ್ತು ಮಕ್ಕಳು ಈ ಪ್ರಶ್ನೆಯನ್ನು ಸುಮ್ಮನೆ ದಾಟಿ ಹೋಗಿದ್ದರು. ಇವನಿಗೆ ದಾಟಲಾಗಲಿಲ್ಲ, ಅಷ್ಟೇ.

ಮೇಷ್ಟ್ರೇ ದಾರಿ ಹುಡುಕಿದರು. ಅಲುಗಾಡುವ ಕನ್ನಡಿಯ ಬದಲು ಒಂದು ಫೋಟೋ, ಅದರ ಕೆಳಗೆ ತಾರೀಖು. ದಿನಕ್ಕೆ ಇಪ್ಪತ್ತು ನಿಮಿಷದಂತೆ ನಾಲ್ಕು ದಿನ. ಮೊದಲು ಹೊರಗೆರೆ, ಆಮೇಲೆ ಕೂದಲು, ಆಮೇಲೆ ಬಟ್ಟೆ, ಕೊನೆಗೆ ನೆರಳು. ಪಟ್ಟಿ ಮುಗಿದಾಗ ಚಿತ್ರ ಮುಗಿಯಿತು ಎಂದೇ ಅರ್ಥ. ಯಾವ ಕಡೆಯಿಂದ ಬರೆಯುವುದು, ಗೋಡೆಗೆ ಹಾಕುವುದೋ ಬೇಡವೋ ಎಂಬೆರಡು ಅವನ ಇಷ್ಟ.

ಅವನು ಬೆನ್ನ ಕಡೆಯ ಫೋಟೋ ಆರಿಸಿದ. ಮೆಟ್ರೋ ಬಾಗಿಲ ಮುಂದೆ ಬ್ಯಾಗು ಹೊತ್ತು ನಿಂತ ಹುಡುಗ, ತಲೆಯ ಹಿಂಭಾಗದ ಸುಳಿ, ಮೇಲೆ ನಿಲ್ದಾಣಗಳ ಸಾಲು: ಕೆ.ಆರ್. ಪುರ, ಬೆನ್ನಿಗಾನಹಳ್ಳಿ, ಬೈಯಪ್ಪನಹಳ್ಳಿ, ಸ್ವಾಮಿ ವಿವೇಕಾನಂದ ರಸ್ತೆ, ಇಂದಿರಾನಗರ, ಹಲಸೂರು. ಬೈಯಪ್ಪನಹಳ್ಳಿಯಿಂದ ಕೆ.ಆರ್. ಪುರದವರೆಗಿನ ತುಂಡು 2023ರ ಅಕ್ಟೋಬರಿನಲ್ಲಿ ಕೂಡಿಕೊಂಡದ್ದೆಂದು ಅಲ್ಲೊಂದು ಸಣ್ಣ ಗುರುತೂ ಇತ್ತು. ಮುಖವಿಲ್ಲ. ಆದರೆ ಅವನನ್ನು ಬಲ್ಲವರಿಗೆ ಅದು ಇನ್ಯಾರದೂ ಆಗಿರಲು ಸಾಧ್ಯವಿಲ್ಲ. ಮೇಷ್ಟ್ರು ಕಲಿಸಬೇಕೆಂದಿದ್ದ ಅಳತೆ, ನೆರಳು, ಗಮನ ಮೂರೂ ಅದರಲ್ಲಿದ್ದವು. ಗೋಡೆಗೆ ಹಾಕಲು ಒಪ್ಪಿದ, ವಾರ್ಷಿಕೋತ್ಸವಕ್ಕೆ ಬರಲಿಲ್ಲ. ಇಷ್ಟೇ ನಡೆದದ್ದು.

ಉಳಿದ ಮಕ್ಕಳೇನೆಂದರು? ಇಬ್ಬರು ಹುಡುಗಿಯರು ತಮಗೂ ಅಂಥ ಪಟ್ಟಿ ಬೇಕೆಂದರು. ಒಬ್ಬಳು ಮೊಡವೆಯ ಮುಖ ಬರೆಯಲು ನಾಚಿ ಒಳಗೊಳಗೇ ಕೊರಗುತ್ತಿದ್ದಳಂತೆ. ಒಬ್ಬನಿಗಾಗಿ ಇಟ್ಟ ಮೆಟ್ಟಿಲು ಇನ್ನಿಬ್ಬರಿಗೂ ಆಯಿತು.

ಕಾನೂನು ಈ ಮಾತಿಗೆ ಬರಲು ಬಹಳ ಕಾಲ ಹಿಡಿಯಿತು. 1995ರ ಅಂಗವಿಕಲರ ಕಾಯ್ದೆಯ ಪಟ್ಟಿಯಲ್ಲಿ ಆಟಿಸಂ ಇರಲೇ ಇಲ್ಲ. 1999ರ ರಾಷ್ಟ್ರೀಯ ಟ್ರಸ್ಟ್ ಕಾಯ್ದೆ ಅದರ ಹೆಸರೆತ್ತಿತು. 2016ರ ಕಾಯ್ದೆ ತನ್ನ 21 ಅಂಗವೈಕಲ್ಯಗಳಲ್ಲಿ ಅದನ್ನು ಸೇರಿಸಿ, ಪ್ರತಿ ಮಗುವಿನ ಅಗತ್ಯಕ್ಕೆ ತಕ್ಕ ಹೊಂದಾಣಿಕೆಯನ್ನು ಶಾಲೆ ಮಾಡಿಕೊಡಬೇಕೆಂದಿತು. ಆದರೆ ಯಾವ ಮಗುವಿಗೆ ಯಾವ ಹೊಂದಾಣಿಕೆ ಎಂಬುದನ್ನು ಕಾಯ್ದೆ ಬರೆದುಕೊಡಲಾರದು. ಅದನ್ನು ಮಗುವಿನಿಂದಲೇ ತಿಳಿಯಬೇಕು.

ತಾಯಿ ಮತ್ತೊಂದು ಕೇಳಿದ್ದರು: "ನಾಳೆ ಕೆಲಸಕ್ಕೆ ಹೋದ ಕಡೆ ಯಾರು ಮೇಡಂ ಪಟ್ಟಿ ಬರೆದುಕೊಡ್ತಾರೆ?" ಈ ಪ್ರಶ್ನೆ ಸುಲಭದ್ದಲ್ಲ. ಲೋಕ ಇವನಿಗಾಗಿ ಬಗ್ಗುವುದಿಲ್ಲ. ಆದರೆ ಆ ಚೀಟಿಯಲ್ಲಿ ಅವನು ಕಲಿತದ್ದು ತನ್ನ ಕಷ್ಟವನ್ನು ಬಿಡಿಸಿ ಹೇಳುವುದನ್ನು. ಕೆಲಸ ತಪ್ಪಿಸಿದ್ದರೆ ಅದನ್ನು ಕಲಿಯುತ್ತಿರಲಿಲ್ಲ, ಹೆದರಿಸಿದ್ದರೂ ಕಲಿಯುತ್ತಿರಲಿಲ್ಲ. "ಪಾಪ, ಅವನಿಗೆ ಬೇಡ" ಎಂದು ಎಬ್ಬಿಸಿ ಕಳಿಸುವುದೇ ನನಗೆ ಕಾಣುವ ಪಂಕ್ತಿಭೇದ. ಸಾಲಿನಲ್ಲಿ ಕೂರಿಸಿ, ಅವನಿಗೆ ಆಗುವುದನ್ನು ಬಡಿಸುವುದು ಹಾಗಲ್ಲ.

ಇದು ಶಾಲೆಯ ಮಾತು ಮಾತ್ರವಲ್ಲ. ಮುಂದಿನ ಗೃಹಪ್ರವೇಶದಲ್ಲೋ ನಾಮಕರಣದಲ್ಲೋ ಎಲ್ಲರೂ ಫೋಟೋಕ್ಕೆ ನಿಂತಾಗ ಯಾರದೋ ಮಗ ಬರಲೊಲ್ಲೆ ಎಂದು ಕಂಬ ಹಿಡಿದು ನಿಲ್ಲಬಹುದು. ಗಲ್ಲ ಹಿಡಿದು ಕ್ಯಾಮೆರಾದ ಕಡೆ ತಿರುಗಿಸುವುದು ಬೇಡ, ಬಿಟ್ಟು ಫೋಟೋ ತೆಗೆಸಿಕೊಳ್ಳುವುದೂ ಬೇಡ. ಎಲ್ಲಿ ನಿಲ್ಲುತ್ತೀಯಪ್ಪಾ ಎಂದು ಅವನನ್ನೇ ಒಮ್ಮೆ ಕೇಳಿ ನೋಡೋಣ.