ನೋಡುವವರು ಎಲ್ಲಿ ಕೂರಬೇಕು?

ಮುಂಬಯಿಯ ನಾರಿಮನ್ ಪಾಯಿಂಟ್‌ನಲ್ಲಿ, ಕಡಲ ದಂಡೆಯ ಎನ್‌ಸಿಪಿಎ ಕಲಾಕೇಂದ್ರದ ಸಂಕೀರ್ಣದಲ್ಲಿ ಸಾವಿರ ಮಂದಿ ಕೂರಬಹುದಾದ ದೊಡ್ಡ ರಂಗಮಂದಿರಗಳಿವೆ. ಅವುಗಳ ಜೊತೆಗೇ 1986ರಲ್ಲಿ ಆರಂಭವಾದ ಎಕ್ಸ್‌ಪೆರಿಮೆಂಟಲ್ ಥಿಯೇಟರ್ ಇದೆ. ಸುಮಾರು 300 ಜನರಿಗಷ್ಟೇ ಜಾಗ. ಪ್ರೊಸೀನಿಯಂ, ಅಂದರೆ ವೇದಿಕೆಯ ಮುಂದಿನ ಕಮಾನು ಚೌಕಟ್ಟಿನ, ಕಟ್ಟುಪಾಡಿಲ್ಲ. ಆಸನಗಳನ್ನು ನಾಟಕಕ್ಕೆ ತಕ್ಕಂತೆ ಬೇರೆ ಬೇರೆ ರೀತಿ ಜೋಡಿಸಿಕೊಳ್ಳಬಹುದು. ರಂಗದವರು ಇಂಥದ್ದನ್ನು ಬ್ಲ್ಯಾಕ್ ಬಾಕ್ಸ್, ಅಂದರೆ ಕಪ್ಪು ಕೋಣೆ, ಎನ್ನುತ್ತಾರೆ.

ಮಾಮೂಲಿ ರಂಗಮಂದಿರದಲ್ಲಿ ಪ್ರೇಕ್ಷಕರ ಜಾಗವನ್ನು ಕಟ್ಟಡ ಕಟ್ಟಿದವರೇ ನಿಗದಿ ಮಾಡಿರುತ್ತಾರೆ. ನಾಟಕ ಯಾವುದೇ ಇರಲಿ, ನಾವು ಕತ್ತಲಲ್ಲಿ ಕೂತು ಬೆಳಕಿನ ಕಡೆ ನೋಡಬೇಕು. ಕಪ್ಪು ಕೋಣೆಯಲ್ಲಿ ಆ ತೀರ್ಮಾನ ನಿರ್ದೇಶಕರ ಹೆಗಲಿಗೆ ಬೀಳುತ್ತದೆ. ನೋಡುವವರು ಈ ಕಥೆಗೆ ಏನಾಗಬೇಕು: ಸಾಕ್ಷಿಯೋ, ನೆಂಟರೋ, ನ್ಯಾಯ ಹೇಳುವವರೋ? 1963ರಲ್ಲಿ ಪೋಲೆಂಡಿನ ಒಪೋಲೆಯಲ್ಲಿ ನಿರ್ದೇಶಕ ಗ್ರೊಟೊವ್‌ಸ್ಕಿ ಡಾಕ್ಟರ್ ಫಾಸ್ಟಸ್ ನಾಟಕ ಆಡಿಸಿದಾಗ ಪ್ರೇಕ್ಷಕರನ್ನು ಉದ್ದನೆಯ ಊಟದ ಮೇಜುಗಳಿಗೆ ಕೂರಿಸಿದರು. ಅವರೆಲ್ಲ ಫಾಸ್ಟಸನ ಕೊನೆಯ ಊಟಕ್ಕೆ ಬಂದ ಅತಿಥಿಗಳು. ನಟರು ಅದೇ ಮೇಜುಗಳ ಮೇಲೆ ಆಡಿದರು. ಒಬ್ಬನ ಆತ್ಮ ನರಕಕ್ಕೆ ಹೋಗುವುದನ್ನು ಅವನ ಪಂಕ್ತಿಯಲ್ಲೇ ಕೂತು ನೋಡುವುದಕ್ಕೂ ಇಪ್ಪತ್ತನೇ ಸಾಲಿನಿಂದ ನೋಡುವುದಕ್ಕೂ ಎಷ್ಟು ಅಂತರ! ಕುರ್ಚಿ ಜರುಗಿದರೆ ನಾಟಕದ ಅರ್ಥವೂ ಜರುಗುತ್ತದೆ.

ಈ ಹತ್ತಿರದ ಹಂಬಲ ಹೊಸದಲ್ಲ. ನಾಟ್ಯಶಾಸ್ತ್ರದ ಎರಡನೇ ಅಧ್ಯಾಯ ಮನುಷ್ಯರಿಗೆ 64 ಹಸ್ತ ಉದ್ದ, 32 ಹಸ್ತ ಅಗಲದ ನಾಟ್ಯಮಂಟಪ ಸಾಕು ಎನ್ನುತ್ತದೆ. ಅದಕ್ಕಿಂತ ದೊಡ್ಡದಾದರೆ ಮಾತು ಒಡೆದು ಕೇಳುತ್ತದೆ, ಮುಖದ ಭಾವ ಕಾಣದೆ ಹೋಗುತ್ತದೆ. ಮಂಟಪ ಬೆಟ್ಟದ ಗುಹೆಯಂತಿರಲಿ ಎಂದೂ ಅದು ಹೇಳುತ್ತದೆ. ಅಳತೆಗೆ ಆಧಾರವಾಗಿದ್ದು ಮನುಷ್ಯನ ಕಣ್ಣು, ಕಿವಿ. ರಸ ಅಷ್ಟು ದೂರವಷ್ಟೇ ಹರಿಯುತ್ತದೆಂದು ಆ ಕಾಲದವರು ಕಂಡುಕೊಂಡಿದ್ದರು.

ನನ್ನನ್ನು ಹೆಚ್ಚು ಕಾಡುವುದು ಮಾತ್ರ ಇನ್ನೊಂದು ಸಂಗತಿ. ಆಸನಗಳನ್ನು ಎದುರುಬದುರಾಗಿ ಹಾಕಿದಾಗ ನಟರ ಆಚೆ ಇನ್ನೊಬ್ಬ ಪ್ರೇಕ್ಷಕರ ಮುಖ ಕಾಣುತ್ತದೆ. ನನಗೆ ಗಂಟಲು ಕಟ್ಟಿದ ಗಳಿಗೆಯಲ್ಲಿ ಅವರು ನಗುತ್ತಿರಬಹುದು. ಆಗ ನನ್ನ ದುಃಖ ನನಗೇ ಪ್ರಶ್ನೆಯಾಗುತ್ತದೆ. ನಾನು ಅವರನ್ನು ನೋಡುತ್ತಿರುವಂತೆ ಅವರೂ ನನ್ನನ್ನು ನೋಡುತ್ತಿದ್ದಾರೆ. ಅಡಗಿ ಕೂತು ನೋಡುವ ಸುಖ ಅಲ್ಲಿಗೆ ಮುಗಿಯಿತು. ಅದು ಮುಗಿಯಬೇಕೆಂದೇ ನನ್ನ ಆಸೆ. ಒಂದೇ ಕಥೆಯನ್ನು ನಾವು ಬೇರೆ ಬೇರೆಯಾಗಿ ಅನುಭವಿಸುತ್ತೇವೆ ಎಂಬುದನ್ನು ಇಷ್ಟು ಹತ್ತಿರದಿಂದ ತೋರಿಸುವ ಜಾಗಗಳು ನಗರದಲ್ಲಿ ಬಹಳ ಇಲ್ಲ.

ಆದರೆ ಕೋಣೆ ತಾನಾಗಿ ಬದಲಾಗುವುದಿಲ್ಲ. ಆಸನದ ಮೆಟ್ಟಿಲುಗಳನ್ನು ಎತ್ತಿ ಜರುಗಿಸಲು ಆಳು ಬೇಕು, ದೀಪಗಳನ್ನು ಹೊಸದಾಗಿ ತೂಗಿಹಾಕಿ ಗುರಿ ಹಿಡಿಯಲು ಗಂಟೆಗಳು ಬೇಕು. ಬೆಳಿಗ್ಗೆ ಒಳಬಂದು ಸಂಜೆಗೇ ಆಟ ಆಡಬೇಕಾದ ತಂಡ ಹಿಂದಿನವರ ಜೋಡಣೆಯನ್ನೇ ಒಪ್ಪಿಕೊಳ್ಳುತ್ತದೆ. ಹಾಗಾಗಿ ಇಂಥ ರಂಗಗಳಲ್ಲೂ ಎಲ್ಲ ಕುರ್ಚಿಗಳು ಒಂದೇ ದಿಕ್ಕಿಗೆ ತಿರುಗಿ ಕೂರುವುದುಂಟು. ತಂಡಕ್ಕೆ ಬರಿದಾದ ಕೋಣೆಯ ಜೊತೆಗೆ ಎರಡು ದಿನವನ್ನೂ ನಾಲ್ಕು ಜೊತೆ ಕೈಗಳನ್ನೂ ಬಾಡಿಗೆ ಹೆಚ್ಚಿಸದೆ ಕೊಡುವ ಕಲಾಕೇಂದ್ರ ಮಾತ್ರ ಆ ಕೋಣೆಯನ್ನು ನಿಜಕ್ಕೂ ತೆರೆದಿಟ್ಟಂತೆ.